ಸುರಪುರದ ಟೇಲರ್ ಸಾಹೇಬರು

ಡಿಸೆಂಬರ್ ತಿಂಗಳು ಬಂದಿತೆಂದರೆ ನಮ್ಮ ಶಾಲೆಯ ಮೇಲಿನ ತರಗತಿಯ ಹುಡುಗಿಯರು ಡಿಕನ್ಸ್ ಮಹಾಶಯರ ಜಿಪುಣ ಮುದುಕನ ಕಥೆಯನ್ನು ನಾಟಕವಾಗಿ ಆಡುವುದುಂಟು. ಯಾರದೋ ತಾತನವರ ಕೋಟು, ಹತ್ತಿಯ ಹುಬ್ಬು, ಅಡಿಗೆಮನೆಯಿಂದ ತಂದ ಬಾವಿಯ ಸರಪಣಿ, ಇವೆಲ್ಲವೂ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ನೆನಪಿದ್ದೇ ಇರುವುವು. ಒಂದು ರಾತ್ರಿ ಕಳೆದು ಬೆಳಗಾಗುವುದರೊಳಗೆ ಲೋಭಿಯ ಎದೆ ಕರಗಿ ಅವನು ಬಡವರ ಬಂಧುವಾಗುತ್ತಾನೆ; ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ. ಆ ಕಥೆಯು ಲಂಡನ್ ಪಟ್ಟಣದಲ್ಲಿ ಅಚ್ಚಾದುದು 1843ನೆಯ ಇಸವಿಯಲ್ಲಿ. ಅದೇ ವರುಷ ಇಂಗ್ಲಿಷಿನ ಮತ್ತೊಬ್ಬ ಕಾದಂಬರಿಕಾರರು ನಮ್ಮ ಕನ್ನಡ ನಾಡಿನಲ್ಲಿಯೇ, ಕೃಷ್ಣಾ ಭೀಮಾ ನದಿಗಳ ನಡುವಣ ಸುರಪುರದಲ್ಲಿ, ಸಾಲದಲ್ಲಿ ಮುಳುಗಿದ ಒಂದು ಸಂಸ್ಥಾನದ ಲೆಕ್ಕವನ್ನು ನೋಡುತ್ತ ಕುಳಿತಿದ್ದರೆಂಬುದನ್ನು ಬಲ್ಲವರು ಕಡಿಮೆ. ಅವರೇ ಫಿಲಿಪ್ ಮೆಡೋಸ್ ಟೇಲರ್ ಸಾಹೇಬರು. ದುರಾಶೆಯನ್ನು ಅವರು ಕಂಡ ಬಗೆ ಬೇರೆ. ಆದುದರಿಂದಲೇ ಅವರ ಚರಿತ್ರೆಯನ್ನು ನಮ್ಮ ಓದುಗರ ಮುಂದಿಡಲು ಮನಸ್ಸು ಮಾಡಿದ್ದೇವೆ.

ಟೇಲರ್ ಸಾಹೇಬರು 1808ರಲ್ಲಿ ಲಿವರ್‌ಪೂಲ್ ಪಟ್ಟಣದಲ್ಲಿ ಹುಟ್ಟಿದರು. ತಂದೆಯವರು ವರ್ತಕರು, ವ್ಯಾಪಾರದಲ್ಲಿ ನಷ್ಟವಾಗಲು ಹುಡುಗನ ಓದು ಅರ್ಧಕ್ಕೆ ನಿಂತಿತು. 1824ರಲ್ಲಿ, ಇನ್ನೂ ಹದಿನೈದು ವರುಷದವನಾಗಿದ್ದಾಗ, ಬೊಂಬಾಯಿಯ ಒಂದು ವರ್ತಕರ ಕೋಠಿಯಲ್ಲಿ ಕೆಲಸಕ್ಕೆಂದು ಅವನನ್ನು ಹಡಗು ಹತ್ತಿಸಿದರು. ಮುಂದೆ ಪಾಲುಗಾರನೂ ಆಗಬಹುದೆಂಬ ಆಸೆ ಮನೆಯವರಿಗಿತ್ತು. ಬಂದು ನೋಡಿದರೆ ಆ ಕೋಠಿಯೇ ಮುಳುಗುವ ಸ್ಥಿತಿಯಲ್ಲಿತ್ತು. ಬಂಧುಗಳೊಬ್ಬರ ಸಹಾಯದಿಂದ ಹುಡುಗನಿಗೆ ನಿಜಾಮರ ಸೈನ್ಯದಲ್ಲಿ ಒಂದು ಚಿಕ್ಕ ಅಧಿಕಾರ ದೊರೆಯಿತು. ಮುಂದಿನ ವಿದ್ಯೆಯೆಲ್ಲವೂ ಸ್ವಂತ ದುಡಿಮೆಯದು. ದೇಶಭಾಷೆಗಳು, ಭೂಮಿಯ ಅಳತೆ, ಕಾನೂನು, ಕಟ್ಟಡದ ಕೆಲಸ, ಚಿತ್ರ ಬರೆಯುವುದು, ಇವೊಂದನ್ನೂ ಅವರು ಕಾಲೇಜಿನಲ್ಲಿ ಕಲಿತವರಲ್ಲ. ತಮ್ಮ ಮಕ್ಕಳಿಗೆ ಓದಿನ ಅನುಕೂಲ ಸಾಲದೆಂದು ನಮ್ಮಲ್ಲಿ ಬಂದು ಸಂಕಟಪಡುವ ತಂದೆತಾಯಿಗಳಿಗೆ ಈ ಮಾತನ್ನು ನಾವು ಅನೇಕ ಸಲ ಹೇಳಿದ್ದೇವೆ.

ಅವರು ತರುಣ ಅಧಿಕಾರಿಯಾಗಿದ್ದಾಗಿನ ಒಂದು ಸಂಗತಿಯುಂಟು. ಯಾತ್ರಿಕರು ಕೂಡುವ ಊರೊಂದರಲ್ಲಿ ಅಂಗಡಿಯವರು ಹಿಟ್ಟಿಗೆ ಮರಳು ಬೆರಸಿ ಮಾರುತ್ತಿದ್ದಾರೆಂದು ಹೆಂಗಸರು ದೂರಿದರು. ಸಾಹೇಬರು ದಂಡ ವಿಧಿಸಲಿಲ್ಲ. ಅಂಗಡಿಯವರನ್ನು ಕರೆಯಿಸಿ, ಅವರವರ ಹಿಟ್ಟನ್ನು ಅವರವರಿಂದಲೇ ಎಲ್ಲರೆದುರಿಗೆ ತಿನ್ನಿಸಿದರು. ಹಲ್ಲಿನಲ್ಲಿ ಮರಳು ಕರಕರನೆಂದಾಗ ತಪ್ಪಾಯಿತೆಂದು ಕೈಮುಗಿದರು. ತಿಪಟೂರಿನ ಕೊಬ್ಬರಿ ಸಂತೆಗೆ ಗಾಡಿ ಕಟ್ಟಿಕೊಂಡು ಹೋದ ಮನೆಗಳ ಮಕ್ಕಳಿಗೆ ತಕ್ಕಡಿಯ ಮುಳ್ಳಿನ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಈ ಕಥೆಯನ್ನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನವರೂ ತಲೆಯೆತ್ತಿ ಕೇಳುತ್ತಾರೆ.

ಆ ದಿನಗಳಲ್ಲಿಯೇ ಸಾಹೇಬರಿಗೆ ಠಕ್ಕರ ವಿಷಯವು ತಿಳಿದುಬಂದಿತು. ಸಭ್ಯ ವರ್ತಕರಂತೆ ವೇಷ ತೊಟ್ಟು ದಾರಿಯಲ್ಲಿ ಪ್ರಯಾಣಿಕರ ಜೊತೆಗೂಡಿ, ಕೆಲವು ದಿನ ಸ್ನೇಹದಿಂದ ನಡೆದು, ಕೊನೆಗೊಂದು ನಿರ್ಜನ ಸ್ಥಳದಲ್ಲಿ ಕೊರಳಿಗೆ ವಸ್ತ್ರವನ್ನು ಬಿಗಿದು ಕೊಂದು, ಗಂಟನ್ನು ದೋಚಿ, ಹೆಣವನ್ನು ಹುಗಿದು ಹೋಗುವವರು. ಸೆರೆಸಿಕ್ಕಿ ಸರ್ಕಾರದ ಸಾಕ್ಷಿಗಳಾದವರ ಹೇಳಿಕೆಗಳನ್ನು ಟೇಲರ್ ಸಾಹೇಬರು ತಾವೇ ಕುಳಿತು ಕೇಳಿ ಬರೆದುಕೊಂಡರು. ಆಗಿನ ಸರ್ಕಾರದವರು ಠಕ್ಕರ ಕಥೆಯನ್ನು ಹಿಗ್ಗಿಸಿದರೆಂದೂ, ಅಲೆದಾಡುವ ಬಡಜನರ ಮೇಲೆಲ್ಲ ಆ ಹೆಸರನ್ನು ಹೊರಿಸಿದರೆಂದೂ ಈಚಿನ ಇತಿಹಾಸಕಾರರು ವಾದಿಸುವುದುಂಟು, ಅದರಲ್ಲಿ ಸತ್ಯಾಂಶವಿರಬಹುದು. ಹೇಗೂ ಆ ಹೇಳಿಕೆಗಳಿಂದ ಹುಟ್ಟಿದುದು, ರಜದ ಮೇಲೆ ಸ್ವದೇಶಕ್ಕೆ ಹೋಗಿದ್ದಾಗ 1839ರಲ್ಲಿ ಅಚ್ಚಾದ, ಠಕ್ಕನೊಬ್ಬನ ತಪ್ಪೊಪ್ಪಿಗೆಯೆಂಬ ಕಾದಂಬರಿ. ವಿಕ್ಟೋರಿಯಾ ರಾಣಿಯವರು ಪಟ್ಟಕ್ಕೆ ಬಂದು ಆಗ ಎರಡೇ ವರುಷ. ಪುಸ್ತಕವು ಬಲು ಬೇಗನೆ ಹೆಸರಾಯಿತು.

ಟ್ರೈನಿಂಗ್ ಕಾಲೇಜಿನಲ್ಲಿದ್ದಾಗ ನಾವು ಅದನ್ನು ಮೊದಲು ಓದಿದೆವು. ಎರಡು ರಾತ್ರಿ ಸರಿಯಾಗಿ ನಿದ್ರೆ ಬರಲಿಲ್ಲ. ಕೊಲೆಗಳಿಗಿಂತ ನಮ್ಮನ್ನು ಕಲಕಿದುದು ಕಥಾನಾಯಕನಾದ ಅಮೀರ್ ಅಲಿಯ ಸಮಾಧಾನ. ಅವನು ಮನೆಯಲ್ಲಿ ಒಳ್ಳೆಯ ಗಂಡ, ಮಕ್ಕಳನ್ನು ಮುದ್ದಿಸುವ ತಂದೆ, ದೇವರಲ್ಲಿ ಭಯವುಳ್ಳವನು. ಎಣಿಸಿದರೆ ಏಳುನೂರಕ್ಕೆ ಮೀರಿದ ಪ್ರಾಣಗಳನ್ನು ತೆಗೆದುದಾಗಿ ಹೇಳಿಕೊಂಡರೂ ನಾಚಿಕೆಯಿಲ್ಲ. ಅದು ಅವನಿಗೆ ಹೊಟ್ಟೆಪಾಡಿನ ಕಸುಬು, ದೈವ ಒಪ್ಪಿದ ಕಸುಬು. ತಾನರಿಯದೆ ಒಡಹುಟ್ಟಿದ ತಂಗಿಯನ್ನೇ ಕೊಂದೆನೆಂದು ತಿಳಿದಾಗ ಮಾತ್ರ ಅವನು ತತ್ತರಿಸುತ್ತಾನೆ. ಡಿಕನ್ಸರ ಮುದುಕನಿಗೆ ತಾನು ಕೆಟ್ಟವನೆಂದು ಒಳಗೆ ಎಲ್ಲಿಯೋ ತಿಳಿದಿತ್ತು. ಆದುದರಿಂದ ಒಂದು ರಾತ್ರಿಯಲ್ಲಿ ತಿರುಗಿಕೊಂಡನು. ತನ್ನ ದುರಾಶೆಗೆ ಮರ್ಯಾದೆಯ ಹೆಸರಿಟ್ಟುಕೊಂಡವನು ತಿರುಗುವುದೆಂತು? ಟೇಲರ್ ಸಾಹೇಬರು ಇದಕ್ಕೆ ಪುಸ್ತಕದಲ್ಲಿ ಉತ್ತರ ಕೊಡಲಿಲ್ಲ. ಚಿಕ್ಕ ತರಗತಿಗಳ ಹುಡುಗಿಯರ ಕೈಗೆ ನಾವು ಆ ಪುಸ್ತಕವನ್ನು ಕೊಡುವುದಿಲ್ಲ.

ಹಿಂದಿರುಗಿ ಬಂದ ಮೇಲೆ ಅವರನ್ನು ಸುರಪುರಕ್ಕೆ ಕಳುಹಿಸಿದರು. ಅದು ಬೇಡ ನಾಯಕರ ಸಂಸ್ಥಾನ. ಔರಂಗಜೇಬನ ಸೈನ್ಯಕ್ಕೂ ಎದುರು ನಿಂತ ಶೂರರ ವಂಶ. ಕೃಷ್ಣಪ್ಪನಾಯಕರು ತೀರಿಕೊಂಡಿದ್ದರು, ಮಗನಾದ ವೆಂಕಟಪ್ಪನಾಯಕನು ಏಳೆಂಟು ವರುಷದ ಬಾಲಕ. ನಿಜಾಮರಿಗೆ ಸಲ್ಲಬೇಕಾದ ಪೊಗದಿ ಏರಿತ್ತು, ಸಾಲಗಾರರು ಬಾಗಿಲಲ್ಲಿದ್ದರು, ಅರಮನೆಯಲ್ಲಿ ಅಧಿಕಾರಕ್ಕಾಗಿ ಕಿತ್ತಾಟವಿತ್ತು. ಬಾಲಕನ ತಾಯಿ ಈಶ್ವರಮ್ಮನವರನ್ನು ಕುರಿತು ಸಾಹೇಬರು ತಮ್ಮ ಆತ್ಮಚರಿತ್ರೆಯಲ್ಲಿ ಬಹು ಕಠಿನವಾಗಿ ಬರೆದಿದ್ದಾರೆ. ರಾಣಿಯವರ ಕಡೆಯ ಮಾತನ್ನು ಬರೆದಿಟ್ಟವರಿಲ್ಲ. ಹೆಣ್ಣುಮಕ್ಕಳ ಶಾಲೆಯವರಾದ ನಮಗೆ ಇದನ್ನು ಹೇಳದೆ ಮುಂದಕ್ಕೆ ಹೋಗಲು ಮನಸ್ಸು ಬರುವುದಿಲ್ಲ. ಸಾವಿರಾರು ಆಯುಧಧಾರಿಗಳಾದ ಬೇಡರ ನಡುವೆ ಸಾಹೇಬರು ರಕ್ತ ಹರಿಯಿಸದೆ ಆಡಳಿತವನ್ನು ಕೈಗೆ ತೆಗೆದುಕೊಂಡರು. ಅಲ್ಲಿಂದ 1853ರ ವರೆಗೆ ಸುಮಾರು ಹನ್ನೊಂದು ವರುಷ ಆ ನಾಡೇ ಅವರ ಮನೆಯಾಯಿತು. ಪತ್ನಿಯನ್ನು ಕಳೆದುಕೊಂಡುದೂ ಆ ದಿನಗಳಲ್ಲಿಯೇ.

ಅಲ್ಲಿ ಅವರು ಮಾಡಿದ ಕೆಲಸವು ಕಾದಂಬರಿಯಾಗತಕ್ಕದ್ದಲ್ಲ. ಹೊಲಗಳನ್ನು ಅಳೆಯಿಸಿದರು, ಕಂದಾಯವನ್ನು ಗೊತ್ತುಮಾಡಿದರು, ರಸ್ತೆಗಳನ್ನೂ ಶಾಲೆಗಳನ್ನೂ ಮಾಡಿಸಿದರು, ಸಾಲವನ್ನು ಇಳಿಸಿದರು. ಕೆರೆಗಳ ಮೇಲೆ ಅವರಿಗೆ ವಿಶೇಷ ಪ್ರೀತಿ. ಸುರಪುರದ ಹತ್ತಿರ ಹಿಂದಿನ ನಾಯಕರ ಕಾಲದ ಬೋನಾಳ ಕೆರೆಯುಂಟು. ಅದನ್ನು ಸಾಹೇಬರು ಜೀರ್ಣೋದ್ಧಾರ ಮಾಡಿಸಿ ಹಿರಿದಾಗಿಸಿದರು. ಹೆಸರಿನಲ್ಲಿಯೇ ಕೆರೆಯನ್ನು ಇಟ್ಟುಕೊಂಡಿರುವ ತುರುವೇಕೆರೆಯವರಿಗೆ ಇದರ ಅರ್ಥವನ್ನು ವಿವರಿಸಬೇಕೆ? ಮಳೆ ತಪ್ಪಿದ ವರುಷ ತೋಟದಲ್ಲಿ ಹರಳು ಉದುರಿ, ಗರಿ ಜೋತು ಬಿದ್ದಾಗ, ಕೆರೆಯ ನೀರಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟುದನ್ನು ನಾವು ಕಂಡಿದ್ದೇವೆ. ಬರಗಾಲದಲ್ಲಿ ಬಡ್ಡಿಯವನ ಬಾಗಿಲಿಗೆ ಹೋಗುವ ದಾರಿ ಒಣಗಿದ ಕೆರೆಯ ಅಂಗಳದಿಂದಲೇ ಹೊರಡುತ್ತದೆ. ಮನುಷ್ಯನ ಲೋಭವನ್ನು ಉಪದೇಶದಿಂದ ಕರಗಿಸಲಾಗದಿದ್ದರೂ ಅದರ ಕೈಗೆ ಬಡವನು ಸಿಕ್ಕದಂತೆ ಮಾಡಬಹುದೆಂಬುದನ್ನು ಸಾಹೇಬರು ಈ ಕೆರೆಯ ಏರಿಯ ಮೇಲೆ ತಿಳಿದುಕೊಂಡರೆಂದು ನಮ್ಮ ಎಣಿಕೆ. ಜನರು ಅವರನ್ನು ಮಹಾದೇವ ಬಾಬಾ ಎಂದು ಕರೆಯುತ್ತಿದ್ದರು.

ಆದರೆ ಅವರ ಮನಸ್ಸೆಲ್ಲ ನೆಟ್ಟಿದ್ದುದು ಬಾಲಕ ರಾಜನ ಮೇಲೆ. ವೆಂಕಟಪ್ಪನು ಅವರನ್ನು ಅಪ್ಪಾ ಎಂದೇ ಕರೆಯುವನು. ಸಾಹೇಬರು ಅವನಿಗೆ ಓದು ಬರಹ ಕಲಿಸುವ ಏರ್ಪಾಡು ಮಾಡಿ, ರಾಜ್ಯದ ಲೆಕ್ಕಗಳನ್ನು ತೋರಿಸಿ, ಒಳ್ಳೆಯ ದೊರೆಯಾಗುವನೆಂಬ ಆಸೆಯಿಂದ ಬೆಳೆಸಿದರು. 1853ರಲ್ಲಿ ರಾಜನು ಪ್ರಾಪ್ತವಯಸ್ಕನಾಗಲು ಸಂಸ್ಥಾನವನ್ನು ಅವನ ಕೈಗೊಪ್ಪಿಸಿ ನಳದುರ್ಗಕ್ಕೆ ಹೊರಟುಹೋದರು. ಕೆಲವು ವರುಷಗಳಲ್ಲಿ ಬೊಕ್ಕಸವು ಬರಿದಾಯಿತು. ಮತ್ತೆ ಸಾಲ, ಮತ್ತೆ ಹೊಗಳುಭಟರು. ಇದು ಸಾಹೇಬರ ಮಾತು. ನಾಡಿನವರು ಇನ್ನೊಂದನ್ನು ನೆನೆಯುತ್ತಾರೆ. 1857ರ ದಂಗೆಯ ಗಾಳಿ ದಕ್ಷಿಣಕ್ಕೆ ಬೀಸಿದಾಗ ಆ ತರುಣನು ಕುಂಪನಿಯವರಿಗೆ ತಲೆಬಾಗಲಿಲ್ಲ. 1858ರ ಫೆಬ್ರವರಿಯಲ್ಲಿ ಸುರಪುರದಲ್ಲಿ ಕಾಳಗವಾಯಿತು. ರಾಜನು ಹೈದರಾಬಾದಿನಲ್ಲಿ ಸೆರೆಸಿಕ್ಕಿದನು. ಇಂದು ಕರ್ನಾಟಕವು ಅವನನ್ನು ಸ್ವಾತಂತ್ರ್ಯವೀರರ ಸಾಲಿನಲ್ಲಿ ಗೌರವಿಸುತ್ತದೆ. ಅದು ಯೋಗ್ಯವಾದುದೇ ಸರಿ. ಸಾಕಿದವನು ಕಂಡ ಮಗನೂ ನಾಡು ಕಂಡ ವೀರನೂ ಒಬ್ಬನೇ ಆಗಿರಬಹುದು.

ಸಾಹೇಬರು ಸೆರೆಮನೆಗೆ ಹೋಗಿ ಅವನನ್ನು ಕಂಡರು. ಅಪ್ಪಾ ಎಂದು ಅವನು ಅವರನ್ನು ತಬ್ಬಿಕೊಂಡನು. ಜೊತೆಗಿದ್ದವರ ಹೆಸರು ಹೇಳಿದರೆ ಅನುಕೂಲವಾಗಬಹುದೆಂದಾಗ ಅವನು ಒಪ್ಪಲಿಲ್ಲ. ಮರಣದಂಡನೆಯು ಮೊದಲು ಗಡೀಪಾರಿಗೆ, ಅನಂತರ ಚೆಂಗಲ್ಪಟ್ಟಿನ ಕೋಟೆಯಲ್ಲಿ ನಾಲ್ಕು ವರುಷದ ಸೆರೆಗೆ ಇಳಿಯಿತು. ನಡತೆ ಒಳ್ಳೆಯದಾದರೆ ಸಂಸ್ಥಾನವನ್ನು ಮರಳಿ ಕೊಡುವ ಸೂಚನೆಯೂ ಇತ್ತು. ಆ ಸುದ್ದಿಯಿಂದ ಸಾಹೇಬರು ಹಿಗ್ಗಿದರು. ಚೆಂಗಲ್ಪಟ್ಟಿನ ದಾರಿಯಲ್ಲಿಯೇ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ, ಇಪ್ಪತ್ತನಾಲ್ಕು ವರುಷದ ವೆಂಕಟಪ್ಪನು ಮೃತನಾದನು. ಅದು ಅವನೇ ಹೊಡೆದುಕೊಂಡುದೆಂದು ಹೇಳಿದರು. ಸುರಪುರವನ್ನು 1860ರಲ್ಲಿ ನಿಜಾಮರಿಗೆ ಕೊಟ್ಟುಬಿಟ್ಟರು.

ಬೆಳೆಸಿದ ಮಗು ಹೀಗಾದಾಗ ಬೆಳೆಸಿದವನ ಪಾಲು ಎಷ್ಟು? ಹತ್ತು ವರುಷ ಲೆಕ್ಕ ಕಲಿಸಿದವರು ಹೃದಯಕ್ಕೆ ಏನನ್ನು ಕಲಿಸದೆ ಬಿಟ್ಟರು? ಅಥವಾ ಪರರ ಆಳ್ವಿಕೆಯ ನೆರಳಿನಲ್ಲಿ ಬೆಳೆದ ದೊರೆಗೆ ಅನ್ಯಮಾರ್ಗವೇ ಇರಲಿಲ್ಲವೋ? ಇಪ್ಪತ್ತಕ್ಕೂ ಮೀರಿದ ವರುಷ ಮಕ್ಕಳ ನಡುವೆ ಕಳೆದ ನಾವು ಈ ಪುಟಗಳನ್ನು ಓದುವಾಗ, ನಮ್ಮ ಹಾಜರಿ ಪುಸ್ತಕದಲ್ಲಿದ್ದು ಅನಂತರ ಎಲ್ಲಿ ಹೋದರೆಂದು ತಿಳಿಯದ ಕೆಲವು ಹೆಸರುಗಳು ಕಣ್ಣಿಗೆ ಕಟ್ಟುತ್ತವೆ.

1860ರಲ್ಲಿ ಸಾಹೇಬರು ಕೆಲಸವನ್ನು ಬಿಟ್ಟು ಸ್ವದೇಶಕ್ಕೆ ಹಿಂದಿರುಗಿ ಮತ್ತೆ ಲೇಖನಿಯನ್ನು ಹಿಡಿದರು. ತಾರಾ 1863ರಲ್ಲಿಯೂ ಸೀತಾ 1872ರಲ್ಲಿಯೂ ಅಚ್ಚಾದುವು. ಎರಡರ ನಾಯಿಕೆಯರೂ ನಮ್ಮ ದೇಶದ ತರುಣ ವಿಧವೆಯರು, ಇಬ್ಬರಿಗೂ ಮರುವಿವಾಹವಾಗುತ್ತದೆ. ಆ ಕಾಲದ ಇಂಗ್ಲಿಷರಲ್ಲಿ, ಅದೂ ದಂಗೆಯ ತರುವಾಯದ ದ್ವೇಷದ ದಿನಗಳಲ್ಲಿ, ಭಾರತದ ಹೆಣ್ಣನ್ನು ಇಷ್ಟು ಗೌರವದಿಂದ ಕಥೆಯ ನಡುವೆ ನಿಲ್ಲಿಸಿದವರು ವಿರಳ. ಮೊದಲ ಪುಸ್ತಕದ ಠಕ್ಕನಿಗೂ ಈ ನಾಯಿಕೆಯರಿಗೂ ನಡುವೆ ಸುರಪುರದ ಹನ್ನೊಂದು ವರುಷಗಳಿವೆಯೆಂಬುದನ್ನು ಮರೆಯಬಾರದು.

ಮುಪ್ಪಿನಲ್ಲಿ ಕಣ್ಣು ಮಂಜಾಯಿತು. ಆದರೂ 1875ರಲ್ಲಿ ಮತ್ತೊಮ್ಮೆ ಹೈದರಾಬಾದಿಗೆ ಬಂದರು. ಕಾಯಿಲೆ ಬಿದ್ದು ಹಿಂದಿರುಗುವಾಗ 1876ರ ಮೇ ತಿಂಗಳಲ್ಲಿ ಫ್ರಾನ್ಸ್ ದೇಶದ ಮೆಂತೋನಿನಲ್ಲಿ ತೀರಿಕೊಂಡರು. ಆತ್ಮಚರಿತ್ರೆಯನ್ನು ಮಗಳು ಮರುವರುಷ ಅಚ್ಚು ಹಾಕಿಸಿದರು.

ಕೆಲವು ವರುಷಗಳ ಹಿಂದೆ ನಾವು ಸುರಪುರಕ್ಕೆ ಹೋಗಿದ್ದೆವು. ಈಗ ಅದು ಯಾದಗಿರಿ ಜಿಲ್ಲೆಗೆ ಸೇರಿದೆ. ಗುಡ್ಡದ ಮೇಲೆ ಟೇಲರ್ ಮಂಜಿಲ್ ಎಂಬ ಅವರ ಬಂಗಲೆ ನಿಂತಿದೆ. ಅಲ್ಲಿಂದ ಬೋನಾಳಕ್ಕೆ ಹೋದಾಗ ಸಂಜೆಯಾಗಿತ್ತು. ಆ ಕೆರೆ ಈಗ ಪಕ್ಷಿಧಾಮ. ಏರಿಯ ಕೆಳಗೆ ಭತ್ತದ ಗದ್ದೆಗಳು ಹಸುರಾಗಿದ್ದುವು. ಶಾಲೆ ಬಿಟ್ಟು ಬರುತ್ತಿದ್ದ ಇಬ್ಬರು ಹುಡುಗಿಯರನ್ನು, ಕೆರೆಯನ್ನು ಕಟ್ಟಿಸಿದವರಾರಮ್ಮ ಎಂದು ಕೇಳಿದೆವು. ಒಬ್ಬಳು ನಾಯಕರೆಂದಳು, ಇನ್ನೊಬ್ಬಳು ಸಾಹೇಬರೆಂದಳು. ತಮ್ಮತಮ್ಮಲ್ಲಿಯೇ ವಾದ ಮಾಡುತ್ತ ಏರಿಯ ಮೇಲೆ ನಡೆದುಹೋದರು.