ಮೀನೆಣ್ಣೆ ಕ್ಯಾಪ್ಸೂಲ್, ಕಿಡ್ನಿ ಮತ್ತು ಕೊಲೆಸ್ಟ್ರಾಲ್: ರಿಚರ್ಡ್ ಬ್ರೈಟ್ ಕಂಡದ್ದೇನು?

ಕಿಡ್ನಿ ಕಾಯಿಲೆ ಇರುವವರು ಮೀನೆಣ್ಣೆ ಕ್ಯಾಪ್ಸೂಲ್ ತೆಗೆದುಕೊಂಡರೆ ಕೊಲೆಸ್ಟ್ರಾಲ್ ಇಳಿಯುತ್ತದೆ ಎಂಬ ಮಾತು ಈಗ ಸಿದ್ದಾಪುರ ಕಡೆಯ ಹೇರೂರಿನಂಥ ಊರುಗಳಲ್ಲೂ ಕೇಳಿಬರುತ್ತದೆ. ಇದು ಎಷ್ಟು ನಿಜ? ಉತ್ತರದ ಎಳೆ ಸಿಗುವುದು ಇನ್ನೂರು ವರ್ಷ ಹಿಂದಿನ ಒಬ್ಬ ವೈದ್ಯರ ಬದುಕಿನಲ್ಲಿ.

ರಿಚರ್ಡ್ ಬ್ರೈಟ್ ಹುಟ್ಟಿದ್ದು 1789ರಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ. ತಂದೆ ವ್ಯಾಪಾರಿ. ವೈದ್ಯ ವಿದ್ಯಾರ್ಥಿಯಾಗಿದ್ದಾಗಲೇ, 1810ರಲ್ಲಿ, ಐಸ್‌ಲ್ಯಾಂಡ್‌ಗೆ ಹೋಗಿ ಅಲ್ಲಿನ ಗಿಡ, ಪ್ರಾಣಿಗಳನ್ನು ಅಭ್ಯಾಸ ಮಾಡಿ ಬಂದರು. 1820ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಗೆ ಸೇರಿದರು.

ಮೈಯಲ್ಲಿ ನೀರು ತುಂಬಿ ಊದುವುದನ್ನೇ ಆಗ ಒಂದು ಕಾಯಿಲೆ ಎಂದುಕೊಂಡಿದ್ದರು. ಬ್ರೈಟ್ ಅಂಥವರ ಮೂತ್ರವನ್ನು ಚಮಚದಲ್ಲಿ ಹಿಡಿದು ಮೇಣದಬತ್ತಿಯ ಮೇಲೆ ಕಾಯಿಸಿ ನೋಡಿದರು. ಆಲ್ಬುಮಿನ್ ಎಂಬ ಪ್ರೋಟೀನ್ ಇದ್ದರೆ ಅದು ಬಿಸಿಗೆ ಬೆಳ್ಳಗೆ ಗಟ್ಟಿಯಾಗುತ್ತದೆ. ಆ ರೋಗಿಗಳು ತೀರಿಕೊಂಡ ಮೇಲೆ ಶವಪರೀಕ್ಷೆ ಮಾಡಿದಾಗ ಕಿಡ್ನಿ ಕೆಟ್ಟಿರುವುದು ಕಾಣುತ್ತಿತ್ತು. ಊತ, ಮೂತ್ರದ ಪ್ರೋಟೀನ್, ಕೆಟ್ಟ ಕಿಡ್ನಿ ಈ ಮೂರನ್ನೂ ಜೋಡಿಸಿ 1827ರಲ್ಲಿ ಪುಸ್ತಕ ಪ್ರಕಟಿಸಿದರು. ಮುಂದೆ ಬಹುಕಾಲ ಈ ರೋಗಕ್ಕೆ ಬ್ರೈಟ್ ಕಾಯಿಲೆ ಎಂದೇ ಹೆಸರಿತ್ತು.

ಅವರು ಇನ್ನೆರಡು ಸಂಗತಿ ಗಮನಿಸಿದರು. ಹಲವು ರೋಗಿಗಳ ಹೃದಯ ದಪ್ಪಗಾಗಿತ್ತು. ಕೆಲವರ ರಕ್ತದ ಸೀರಮ್ ಹಾಲಿನಂತೆ ಬೆಳ್ಳಗಿತ್ತು. 1842ರಲ್ಲಿ ಕಿಡ್ನಿ ರೋಗಿಗಳಿಗೆಂದೇ 42 ಹಾಸಿಗೆಗಳ ವಾರ್ಡು, ಜೊತೆಗೊಂದು ಪ್ರಯೋಗಾಲಯ ಶುರುವಾಯಿತು. 1858ರಲ್ಲಿ ಬ್ರೈಟ್ ತೀರಿಕೊಂಡದ್ದು ಹೃದಯದ ಕಾಯಿಲೆಯಿಂದಲೇ.

ಆ ಹಾಲು ಬಣ್ಣಕ್ಕೆ ಕಾರಣ ಟ್ರೈಗ್ಲಿಸರೈಡ್ ತುಂಬಿದ ಕೊಬ್ಬಿನ ಕಣಗಳು ಎಂದು ಈಗ ನಮಗೆ ಗೊತ್ತು. ಮೀನೆಣ್ಣೆಯ ಒಮೆಗಾ-3 ಕೊಬ್ಬಿನಾಮ್ಲಗಳು ಇಳಿಸುವುದು ಮುಖ್ಯವಾಗಿ ಇದನ್ನೇ. ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಬೇರೆ. ಅದು ಮೀನೆಣ್ಣೆಯಿಂದ ಹೆಚ್ಚೇನೂ ಇಳಿಯುವುದಿಲ್ಲ, ಕೆಲವರಲ್ಲಿ ತುಸು ಏರಲೂಬಹುದು. ಎಲ್‌ಡಿಎಲ್ ಇಳಿಸಲು ಸ್ಟಾಟಿನ್ ಮಾತ್ರೆಗಳಿವೆ. ಸುಮಾರು 9,000 ಕಿಡ್ನಿ ರೋಗಿಗಳ ಮೇಲೆ ನಡೆದ ಶಾರ್ಪ್ ಪ್ರಯೋಗದಲ್ಲಿ (2011) ಸ್ಟಾಟಿನ್ ಮತ್ತು ಎಝೆಟಿಮೈಬ್ ಜೋಡಿಯಿಂದ ರಕ್ತನಾಳ ಕಟ್ಟಿಕೊಂಡು ಬರುವ ದೊಡ್ಡ ತೊಂದರೆಗಳು ಕಡಿಮೆಯಾದವು.

ಹಾಗಾದರೆ ಮೀನೆಣ್ಣೆ ದಂಡವೇ? ಹಾಗೂ ಹೇಳಲಾಗದು. ಕೆನಡಾ, ಆಸ್ಟ್ರೇಲಿಯಾಗಳ ಹೀಮೋಡಯಾಲಿಸಿಸ್ ರೋಗಿಗಳಿಗೆ ದಿನಕ್ಕೆ 4 ಗ್ರಾಂ ಮೀನೆಣ್ಣೆ ಕೊಟ್ಟ ಪಿಸೆಸ್ ಪ್ರಯೋಗದಲ್ಲಿ (2025) ಹೃದಯಾಘಾತದಂಥ ತೊಂದರೆಗಳು ಕಡಿಮೆಯಾದವು. ಆದರೆ ಇದು ಡಯಾಲಿಸಿಸ್‌ನಲ್ಲಿರುವವರ ಮಾತು. ಕಿಡ್ನಿ ತೊಂದರೆ ಈಗಷ್ಟೇ ಶುರುವಾದವರಿಗೂ ಇದೇ ಲಾಭ ಎಂದು ಅದರಿಂದ ಹೇಳಲಾಗದು. ಹೆಚ್ಚು ಪ್ರಮಾಣದ ಮೀನೆಣ್ಣೆಯಿಂದ ಕೆಲವರಲ್ಲಿ ಹೃದಯ ಬಡಿತದ ಲಯ ತಪ್ಪುವ ಅಪಾಯವೂ ಇದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಇನ್ನಷ್ಟು ಎಚ್ಚರ ವಹಿಸಬೇಕು.

ನಿಮ್ಮ ಲಿಪಿಡ್ ರಿಪೋರ್ಟಿನಲ್ಲಿ ಟ್ರೈಗ್ಲಿಸರೈಡ್ ಮತ್ತು ಎಲ್‌ಡಿಎಲ್ ಬೇರೆ ಬೇರೆ ಸಾಲಿನಲ್ಲಿರುತ್ತವೆ. ಯಾವುದು ಏರಿದೆ ಎಂದು ನೋಡಿ, ಕಿಡ್ನಿ ವೈದ್ಯರನ್ನು ಕೇಳಿ. ಮೀನೆಣ್ಣೆ ಸಿಕ್ಕಿತೆಂದು ಸ್ಟಾಟಿನ್ ಬಿಡಬೇಡಿ.