ನಕ್ಷತ್ರಗಳ ಮೂಲವಸ್ತುವನ್ನು ಕಂಡ ವಿದುಷಿ ಸಿಸಿಲಿಯಾ ಪೇನ್

ಈ ಸ್ಮರಣ ಸಂಚಿಕೆಗೆ ಮಹನೀಯರೊಬ್ಬರ ಜೀವನವೃತ್ತಾಂತವನ್ನು ಬರೆದುಕೊಡುವ ಭಾರವು ನಮ್ಮ ಮೇಲೆ ಬಿದ್ದಾಗ, ನಾವು ರಾಣಿಯರನ್ನಾಗಲಿ ವೀರವನಿತೆಯರನ್ನಾಗಲಿ ಆರಿಸಿಕೊಳ್ಳದೆ ಒಬ್ಬ ವಿಜ್ಞಾನಿಯನ್ನು ಆರಿಸಿಕೊಂಡೆವು. ರಾಜಾಜಿನಗರ, ವಿಜಯನಗರಗಳ ಮಹಡಿಗಳ ಮೇಲೆ ನಿಂತು ನಮ್ಮ ಬಾಲಕಿಯರು ನೋಡುವ ನಕ್ಷತ್ರಗಳು ಯಾವ ವಸ್ತುವಿನಿಂದಾದುವೆಂಬ ಪ್ರಶ್ನೆಗೆ ಸರಿಯಾದ ಉತ್ತರವನ್ನು ಮೊದಲು ಲೆಕ್ಕಹಾಕಿ ತೆಗೆದವರು ಇಪ್ಪತ್ತೈದು ವರ್ಷ ವಯಸ್ಸಿನ ಒಬ್ಬ ಹೆಣ್ಣುಮಗಳು. ಆ ಉತ್ತರವನ್ನು ತಮ್ಮ ಕೈಯಿಂದಲೇ ಅಲ್ಲಗಳೆದು ಬರೆಯಬೇಕಾದ ದುಃಖವೂ ಅವರಿಗೆ ಒದಗಿತು. ಹೆಣ್ಣುಮಕ್ಕಳ ತಾಯಿತಂದೆಗಳೂ ಉಪಾಧ್ಯಾಯಿನಿಯರೂ ಈ ವೃತ್ತಾಂತವನ್ನು ತಿಳಿದಿರಬೇಕಾದುದು ಇದೇ ಕಾರಣದಿಂದ.

ಸಿಸಿಲಿಯಾ ಪೇನ್‌ರವರು 1900ನೆಯ ಇಸವಿ ಮೇ ತಿಂಗಳ 10ನೆಯ ತಾರೀಖಿನಲ್ಲಿ ಇಂಗ್ಲೆಂಡಿನ ವೆಂಡೋವರ್ ಎಂಬ ಊರಿನಲ್ಲಿ ಜನಿಸಿದರು. ನಾಲ್ಕನೆಯ ವಯಸ್ಸಿನಲ್ಲಿಯೇ ಅವರಿಗೆ ಪಿತೃವಿಯೋಗವಾಯಿತು. ಮೂವರು ಮಕ್ಕಳನ್ನು ಸಾಕಿ ಓದಿಸುವ ಹೊಣೆಯೆಲ್ಲವೂ ತಾಯಿಯದಾಯಿತು. ಮುಂದೆ ಲಂಡನ್ ನಗರದ ಸೇಂಟ್ ಪಾಲ್ಸ್ ಬಾಲಿಕಾ ಶಾಲೆಯಲ್ಲಿ ಓದುತ್ತಿದ್ದಾಗ, ಅಲ್ಲಿ ಸಂಗೀತವನ್ನು ಕಲಿಸುತ್ತಿದ್ದ ಪ್ರಸಿದ್ಧ ಸಂಗೀತಕಾರರಾದ ಗುಸ್ತಾವ್ ಹೋಲ್ಸ್ಟ್‌ರವರು ಈ ಬಾಲಕಿಯ ಪ್ರತಿಭೆಯನ್ನು ಕಂಡು, ಸಂಗೀತವನ್ನೇ ವೃತ್ತಿಯಾಗಿ ಹಿಡಿಯುವಂತೆ ಪ್ರೋತ್ಸಾಹಿಸಿದರು. ಆದರೆ ಆಕೆಯ ಮನಸ್ಸು ವಿಜ್ಞಾನದಲ್ಲಿ ನೆಟ್ಟಿದ್ದಿತು. 1919ರಲ್ಲಿ ವಿದ್ಯಾರ್ಥಿವೇತನವನ್ನು ಪಡೆದು ಕೇಂಬ್ರಿಜ್‌ನ ನ್ಯೂನ್‌ಹ್ಯಾಮ್ ಕಾಲೇಜನ್ನು ಸೇರಿದರು.

ಮೊದಲು ಅವರು ಓದಹೊರಟುದು ಸಸ್ಯಶಾಸ್ತ್ರವೇ ಮುಂತಾದ ವಿಷಯಗಳನ್ನು. ಅದೇ ವರ್ಷದ ಸೂರ್ಯಗ್ರಹಣದಲ್ಲಿ ಐನ್‌ಸ್ಟೈನರ ಸಿದ್ಧಾಂತವನ್ನು ಪರೀಕ್ಷಿಸಿ ಬಂದಿದ್ದ ಎಡಿಂಗ್ಟನ್‌ರವರ ಉಪನ್ಯಾಸವೊಂದನ್ನು ಕೇಳುವ ಸುಯೋಗವು ಆಕೆಗೆ ಒದಗಿತು. ಕೋಣೆಗೆ ಹಿಂದಿರುಗಿದ ಮೇಲೆ ಆ ಉಪನ್ಯಾಸವನ್ನು ನೆನಪಿನಿಂದಲೇ ಹೆಚ್ಚುಕಡಮೆ ಪೂರ್ತಿಯಾಗಿ ಬರೆದಿಟ್ಟರಂತೆ. ಅಂದಿನಿಂದ ಖಗೋಳಶಾಸ್ತ್ರವೇ ಆಕೆಯ ಬಾಳಿನ ಗುರಿಯಾಯಿತು. ವ್ಯಾಸಂಗವು ಮುಗಿದರೂ ಪದವಿಯು ದೊರೆಯಲಿಲ್ಲ. ಏಕೆಂದರೆ ಕೇಂಬ್ರಿಜ್ ವಿಶ್ವವಿದ್ಯಾನಿಲಯವು 1948ರವರೆಗೆ ಸ್ತ್ರೀಯರಿಗೆ ಪದವಿಯನ್ನು ಕೊಡುತ್ತಿರಲಿಲ್ಲ. ಹೀಗಿರಲು 1923ರಲ್ಲಿ ಆಕೆ ಅಮೆರಿಕಾ ದೇಶಕ್ಕೆ ಹೋಗಿ, ಹಾರ್ವರ್ಡ್ ವೀಕ್ಷಣಾಲಯವನ್ನು ಸೇರಿದರು.

ಇಲ್ಲಿ ಸ್ವಲ್ಪ ವಿವರಣೆಯು ಅವಶ್ಯಕ. ಬೆಳಕನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿದರೆ ಬಣ್ಣಗಳು ಬಿಡಿಸಿಕೊಂಡು ವರ್ಣಪಟಲವಾಗುತ್ತದೆ. ಅದರಲ್ಲಿ ಕಾಣುವ ಗೆರೆಗಳಿಂದ, ಬೆಳಕು ಹೊರಟ ಕಡೆಯಲ್ಲಿ ಯಾವ ಯಾವ ಧಾತುಗಳಿವೆಯೆಂಬುದನ್ನು ಅರಿಯಬಹುದು. ಈ ವಿದ್ಯೆಗೆ ನಮ್ಮ ನಾಡಿನ ಸಂಬಂಧವೂ ಉಂಟು. 1868ನೆಯ ಇಸವಿ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದಂದು ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬವರು ನಮ್ಮ ಜಮಖಂಡಿಯಲ್ಲಿ ಬೀಡುಬಿಟ್ಟು, ಮೋಡಗಳ ನಡುವೆ ಸೂರ್ಯನ ಅಂಚಿನ ಜ್ವಾಲೆಯನ್ನು ನೋಡಿ, ಕೆಂಪು, ಕಿತ್ತಳೆ, ನೀಲಿ ಗೆರೆಗಳನ್ನು ಕಂಡರು. ಕೆಂಪು ನೀಲಿಗಳು ಜಲಜನಕದವು. ಕಿತ್ತಳೆಯದು ಆಗ ಭೂಮಿಯಲ್ಲಿ ಯಾರೂ ಅರಿಯದಿದ್ದ ಹೀಲಿಯಮ್ಮಿನದೆಂಬುದು ಬಳಿಕ ಗೊತ್ತಾಯಿತು. ಎಲ್ಲಕ್ಕಿಂತ ಹಗುರವಾದ ಎರಡು ಧಾತುಗಳ ಗುರುತುಗಳೂ ಅಂದು ಜಮಖಂಡಿಯಲ್ಲಿ ಒಟ್ಟಿಗೆ ಕಾಣಿಸಿಕೊಂಡವು.

ಆದರೆ ಗೆರೆಯನ್ನು ಕಾಣುವುದು ಬೇರೆ, ವಸ್ತುವಿನ ಪ್ರಮಾಣವನ್ನು ಅಳೆಯುವುದು ಬೇರೆ. ಸೂರ್ಯನ ವರ್ಣಪಟಲದಲ್ಲಿ ಕಬ್ಬಿಣವೇ ಮೊದಲಾದ ಲೋಹಗಳ ಗೆರೆಗಳು ಹೇರಳವಾಗಿರುವುದರಿಂದ, ಸೂರ್ಯನೂ ಭೂಮಿಯೂ ಒಂದೇ ಬಗೆಯ ವಸ್ತುವಿನಿಂದಾದುವೆಂದು ಆ ಕಾಲದ ಪಂಡಿತರು ನಂಬಿದ್ದರು. 1920ರಲ್ಲಿ ನಮ್ಮ ದೇಶದವರೇ ಆದ ಮೇಘನಾದ ಸಾಹಾರವರು, ಶಾಖವು ಏರಿದಂತೆ ಪರಮಾಣುಗಳು ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುವ ಕ್ರಮವನ್ನು ಗಣಿತದಿಂದ ತೋರಿಸಿಕೊಟ್ಟರು. ಇದರಿಂದ ಗೆರೆಯ ದಟ್ಟತನವು ವಸ್ತುವಿನ ಪ್ರಮಾಣವನ್ನು ಮಾತ್ರವೇ ಅಲ್ಲದೆ ಶಾಖವನ್ನೂ ಅವಲಂಬಿಸಿದೆಯೆಂದು ಸ್ಪಷ್ಟವಾಯಿತು. ಹಾರ್ವರ್ಡಿನಲ್ಲಿಯಾದರೋ, ಆನಿ ಜಂಪ್ ಕ್ಯಾನನ್‌ರವರೇ ಮೊದಲಾದ ಮಹಿಳೆಯರು ವರ್ಷಗಟ್ಟಲೆ ದುಡಿದು ವಿಂಗಡಿಸಿದ್ದ ಎರಡು ಲಕ್ಷಕ್ಕೂ ಮಿಕ್ಕ ನಕ್ಷತ್ರಗಳ ವರ್ಣಪಟಲಗಳು ಗಾಜಿನ ಫಲಕಗಳ ಮೇಲೆ ಸಿದ್ಧವಾಗಿದ್ದವು. ಸಾಹಾರವರ ಸೂತ್ರವನ್ನು ಈ ಫಲಕಗಳಿಗೆ ಅನ್ವಯಿಸುವ ಕಾರ್ಯವನ್ನು ಪೇನ್‌ರವರು ಕೈಗೊಂಡರು.

ಲೆಕ್ಕವು ಮುಗಿದಾಗ ಕಂಡುದು ಆಶ್ಚರ್ಯಕರವಾದ ಸಂಗತಿ. ಇತರ ಧಾತುಗಳೆಲ್ಲವೂ ಭೂಮಿಯಲ್ಲಿರುವ ಪ್ರಮಾಣಕ್ಕೆ ಬಹುಮಟ್ಟಿಗೆ ಹೊಂದಿದವು. ಆದರೆ ಹೀಲಿಯಂ ಅತ್ಯಧಿಕವಾಗಿಯೂ, ಜಲಜನಕವು ಲೋಹಗಳಿಗಿಂತ ಸುಮಾರು ಹತ್ತು ಲಕ್ಷ ಪಾಲು ಹೆಚ್ಚಾಗಿಯೂ ಬಂದವು. ಪ್ರಬಂಧದ ಕರಡು ಪ್ರಿನ್ಸ್‌ಟನ್ನಿನ ಹಿರಿಯ ವಿದ್ವಾಂಸರಾದ ಹೆನ್ರಿ ನಾರಿಸ್ ರಸೆಲ್‌ರವರ ಪರಿಶೀಲನೆಗೆ ಹೋಯಿತು. ಅವರು ಇಂತಹ ಫಲಿತವು ಅಸಾಧ್ಯವೆಂದು ತಿಳಿಸಿದರು. ಆಗ ಅವರ ಮಾತನ್ನು ಮೀರಿ ನಿಲ್ಲುವುದು ಒಬ್ಬ ವಿದ್ಯಾರ್ಥಿನಿಗೆ ಸುಲಭವಾಗಿರಲಿಲ್ಲ. 1925ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಪೇನ್‌ರವರು ತಮ್ಮ ಅಂಕಿಗಳನ್ನು ಇದ್ದಂತೆಯೇ ಮುದ್ರಿಸಿ, ಈ ಎರಡು ಧಾತುಗಳ ಪ್ರಮಾಣವು ಬಹುಮಟ್ಟಿಗೆ ನಿಶ್ಚಯವಾಗಿಯೂ ನಿಜವಲ್ಲವೆಂಬ ಅಭಿಪ್ರಾಯವನ್ನು ಸೇರಿಸಿದರು. ಆ ಪ್ರಬಂಧಕ್ಕೆ ರಾಡ್‌ಕ್ಲಿಫ್ ಕಾಲೇಜು ಡಾಕ್ಟರ್ ಪದವಿಯನ್ನಿತ್ತಿತು. ನಾಲ್ಕು ವರ್ಷಗಳ ತರುವಾಯ, 1929ರಲ್ಲಿ, ರಸೆಲ್‌ರವರೇ ಬೇರೊಂದು ಮಾರ್ಗದಿಂದ ಲೆಕ್ಕಮಾಡಿ ಅದೇ ಫಲಿತವನ್ನು ಪಡೆದು, ಪೇನ್‌ರವರ ಕೆಲಸವನ್ನೂ ಉಲ್ಲೇಖಿಸಿ ಪ್ರಕಟಿಸಿದರು. ಆದರೂ ಕೀರ್ತಿಯು ಬಹುಕಾಲ ಅವರದಾಗಿಯೇ ಉಳಿಯಿತು.

ಈ ಸತ್ಯವು ಸೃಷ್ಟಿಯ ಆರಂಭವನ್ನು ಅರಿಯುವುದಕ್ಕೆ ಒಂದು ಆಧಾರವಾಯಿತು. ವಿಶ್ವದಲ್ಲೆಲ್ಲಾ ಜಲಜನಕ ಹೀಲಿಯಂಗಳೇ ಏಕೆ ತುಂಬಿವೆ? 1948ರಲ್ಲಿ ಆಲ್ಫರ್ ಮತ್ತು ಗ್ಯಾಮೋ ಎಂಬವರು, ಇವು ವಿಶ್ವದ ಮೊದಲ ಕೆಲವು ನಿಮಿಷಗಳಲ್ಲಿ ಉಂಟಾದುವೆಂದು ಪ್ರತಿಪಾದಿಸಿದರು. ಈಗ ತಿಳಿದಿರುವಂತೆ, ಸುಮಾರು 1380 ಕೋಟಿ ವರ್ಷಗಳ ಹಿಂದೆ ವಿಶ್ವವು ಹಿಗ್ಗುತ್ತಾ ತಣಿದು, ಶಾಖವು ನೂರು ಕೋಟಿ ಡಿಗ್ರಿಗಳಿಗಿಂತ ಕೆಳಗಿಳಿದಾಗ, ಪ್ರತಿ 2 ನ್ಯೂಟ್ರಾನುಗಳಿಗೆ ಸುಮಾರು 14 ಪ್ರೋಟಾನುಗಳಿದ್ದವು. ಆ 2 ನ್ಯೂಟ್ರಾನುಗಳು 2 ಪ್ರೋಟಾನುಗಳೊಡನೆ ಕೂಡಿ ಒಂದು ಹೀಲಿಯಂ ಬೀಜವಾದರೆ, ಉಳಿದ 12 ಪ್ರೋಟಾನುಗಳು ಜಲಜನಕವಾಗಿ ನಿಲ್ಲುತ್ತವೆ. ಅಂದರೆ 16ರಲ್ಲಿ 4 ಭಾಗ, ತೂಕದಲ್ಲಿ ಕಾಲು ಪಾಲು, ಹೀಲಿಯಂ. ಮಿಡಲ್ ಸ್ಕೂಲಿನ ಬಾಲಕಿಯೂ ಮಾಡಬಹುದಾದ ಈ ಲೆಕ್ಕವು ಅತ್ಯಂತ ಪುರಾತನ ಅನಿಲದಲ್ಲಿ ಅಳೆದ ಪ್ರಮಾಣಕ್ಕೆ ಸರಿಹೊಂದುತ್ತದೆ. ಇವುಗಳೊಡನೆ ಭಾರಜಲಜನಕವೂ ಲಿಥಿಯಮ್ಮೂ ಲೇಶಮಾತ್ರ ಉಂಟಾದವು. 5 ಮತ್ತು 8 ಕಣಗಳ ಬೀಜಗಳು ಸ್ಥಿರವಾಗಿ ನಿಲ್ಲವಾದುದರಿಂದ ಕಾರ್ಯವು ಮುಂದೆ ಸಾಗಲಿಲ್ಲ. ಇಂಗಾಲ, ಆಮ್ಲಜನಕ, ಕಬ್ಬಿಣಗಳು ಬಹುಕಾಲದ ಮೇಲೆ ನಕ್ಷತ್ರಗಳ ಗರ್ಭದಲ್ಲಿ ಬೆಂದು ಬಂದವು. ನಮ್ಮ ಕೊಡದ ನೀರಿನಲ್ಲಿರುವ ಜಲಜನಕವು ಆ ಮೊದಲ ನಿಮಿಷಗಳದೇ.

ಪೇನ್‌ರವರು 1934ರಲ್ಲಿ ರಷ್ಯಾ ದೇಶದ ಖಗೋಳಜ್ಞರಾದ ಸರ್ಗೈ ಗಪೋಷ್ಕಿನ್‌ರವರನ್ನು ವಿವಾಹವಾಗಿ, ಮೂವರು ಮಕ್ಕಳನ್ನು ಬೆಳೆಸುತ್ತಲೇ ಸಂಶೋಧನೆಯನ್ನು ಮುಂದುವರಿಸಿದರು. ಸಂಬಳವು ಅಲ್ಪ, ಅವರ ಪಾಠಗಳು 1945ರವರೆಗೆ ವಿಶ್ವವಿದ್ಯಾನಿಲಯದ ಪಾಠಪಟ್ಟಿಯಲ್ಲಿ ಸೇರಿಯೇ ಇರಲಿಲ್ಲ. ಕಡೆಗೆ 1956ರಲ್ಲಿ ಹಾರ್ವರ್ಡಿನ ಪ್ರಾಧ್ಯಾಪಕರಾಗಿ, ವಿಭಾಗದ ಮುಖ್ಯಸ್ಥರೂ ಆದರು. 1976ರಲ್ಲಿ ಅಮೆರಿಕಾದ ಖಗೋಳ ಸಂಘವು ಅವರಿಗೆ ಸಲ್ಲಿಸಿದ ಗೌರವವು ರಸೆಲ್‌ರವರ ಹೆಸರಿನದೇ ಆಗಿದ್ದಿತು. 1979ನೆಯ ಇಸವಿ ಡಿಸೆಂಬರ್ 7ರಂದು ಅವರು ದಿವಂಗತರಾದರು.

ಆ ಅನ್ವೇಷಣೆಯು ಇಂದಿಗೂ ನಿಂತಿಲ್ಲ. 2020ರಲ್ಲಿ ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಸಾರಸ್ ಎಂಬ ರೇಡಿಯೋ ಯಂತ್ರವನ್ನು ದಂಡಿಗಾನಹಳ್ಳಿ ಕೆರೆಯಲ್ಲಿಯೂ ಶರಾವತಿಯ ಹಿನ್ನೀರಿನಲ್ಲಿಯೂ ತೇಲಿಬಿಟ್ಟು, ಮೊದಲ ನಕ್ಷತ್ರಗಳು ಮೂಡಿದ ಕಾಲದ ಜಲಜನಕದ ಕ್ಷೀಣವಾದ ಸುಳಿವನ್ನು ಹುಡುಕಿದರು. ಮುಂದೆ ಇಂತಹ ಕೆಲಸಕ್ಕೆ ನಮ್ಮ ಬಾಲಕಿಯರೂ ಹೋಗಬೇಕೆಂಬುದು ನಮ್ಮ ಆಸೆ.

ಒಂದು ಮಾತನ್ನು ಮರೆಮಾಚದೆ ಹೇಳಿ ಮುಗಿಸುತ್ತೇವೆ. ಒಮ್ಮೆ ತರಗತಿಯಲ್ಲಿ ಹುಡುಗಿಯೊಬ್ಬಳ ಲೆಕ್ಕವು ಪುಸ್ತಕದ ಉತ್ತರಕ್ಕೆ ಹೊಂದಲಿಲ್ಲವೆಂದು ನಾವು ಕೆಂಪು ಗೆರೆ ಎಳೆದೆವು. ಮರುದಿನ ನಾವೇ ಮಾಡಿ ನೋಡಲು, ತಪ್ಪು ಪುಸ್ತಕದ್ದಾಗಿತ್ತು. ಅಷ್ಟರಲ್ಲಿ ಆ ಹುಡುಗಿಯು ತನ್ನ ಸರಿಯಾದ ಉತ್ತರವನ್ನು ಅಳಿಸಿ, ಪುಸ್ತಕದ ಉತ್ತರವನ್ನು ಬರೆದುಕೊಂಡಿದ್ದಳು. ಪೇನ್‌ರವರು ಅಂಕಿಗಳನ್ನಾದರೂ ಉಳಿಸಿದರು; ನಮ್ಮ ಹುಡುಗಿ ಅದನ್ನೂ ಉಳಿಸಲಿಲ್ಲ. ಆದುದರಿಂದ ಪೋಷಕರಲ್ಲಿಯೂ, ಈಗ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನಮ್ಮ ಬಿನ್ನಹವಿಷ್ಟೆ: ಮಗಳ ಉತ್ತರವು ಹಿರಿಯರ ಮಾತಿಗೆ ಹೊಂದದೆ ಹೋದಾಗ, ಮೊದಲು ಅವಳ ಲೆಕ್ಕವನ್ನು ನೋಡೋಣ.