28 ಡಾಲರ್ ಮನೆ

ಹೆನ್ರಿ ಡೇವಿಡ್ ಥೋರೋ ಅಂದ್ರೆ ನಮ್ಮಲ್ಲಿ ಹಲವರಿಗೆ ಗಾಂಧೀಜಿ ಮೆಚ್ಚಿದ ಅಮೆರಿಕದ ಲೇಖಕ ಅಂತಷ್ಟೇ ಗೊತ್ತು. ಅಪ್ಪನ ಪೆನ್ಸಿಲ್ ಕಾರ್ಖಾನೆಯಲ್ಲಿ ಗ್ರಾಫೈಟಿಗೆ ಜೇಡಿಮಣ್ಣು ಬೆರೆಸಿ ಒಳ್ಳೆ ಪೆನ್ಸಿಲ್ ಮಾಡಿದವನೂ ಅವನೇ. ಅರ್ಧ ಇಂಜಿನಿಯರ್ ಅನ್ನಿ.

1845ರಲ್ಲಿ, 27ನೇ ವಯಸ್ಸಿಗೆ, ಕಾಂಕರ್ಡ್ ಊರಾಚೆ ವಾಲ್ಡೆನ್ ಕೊಳದ ಹತ್ತಿರ, ಗೆಳೆಯ ಎಮರ್ಸನ್‌ನ ಜಾಗದಲ್ಲಿ ತಾನೇ ಮನೆ ಕಟ್ಟಿದ. 10 ಅಡಿ ಅಗಲ, 15 ಅಡಿ ಉದ್ದ, ಒಂದೇ ರೂಮು. ಹಲಗೆಗಳು ಒಬ್ಬ ರೈಲ್ವೆ ಕೆಲಸಗಾರನ ಹಳೇ ಗುಡಿಸಲನ್ನು ಕೊಂಡು ಬಿಚ್ಚಿ ತಂದವು. ಮೊಳೆ, ಚಿಲಕದವರೆಗೂ ಲೆಕ್ಕ ಬರೆದಿಟ್ಟ. ಒಟ್ಟು 28 ಡಾಲರ್, ಹನ್ನೆರಡೂವರೆ ಸೆಂಟ್. ಅವನು ಓದಿದ ಹಾರ್ವರ್ಡ್‌ನಲ್ಲಿ ರೂಮಿನ ಒಂದು ವರ್ಷದ ಬಾಡಿಗೆಯೇ 30 ಡಾಲರ್! ಪಿಜಿಯಲ್ಲಿರೋ ನಾವು ಈ ಸಾಲನ್ನ ಎರಡು ಸಲ ಓದಿದ್ವಿ.

ಒಳಗೆ ಮಂಚ, ಮೇಜು, ಮೂರು ಕುರ್ಚಿ. ಅಲಂಕಾರಕ್ಕೆ ಇಟ್ಟ ಮೂರು ಸುಣ್ಣಕಲ್ಲನ್ನೂ, ದಿನಾ ಧೂಳು ಒರೆಸಬೇಕಲ್ಲ ಅಂತ ಕಿಟಕಿಯಿಂದ ಆಚೆ ಎಸೆದ. ಕೆಲವು ದಿನ ಬೆಳಗ್ಗೆ ಬಾಗಿಲಲ್ಲಿ ಬಿಸಿಲಿಗೆ ಕೂತರೆ ಮಧ್ಯಾಹ್ನದವರೆಗೂ ಏಳುತ್ತಿರಲಿಲ್ಲ.

ಊಟಕ್ಕೆ ಆಗಾಗ ಅಮ್ಮನ ಮನೆಗೆ ಹೋಗ್ತಿದ್ದ ಅಂತ ಜನ ಇವತ್ತಿಗೂ ನಗ್ತಾರೆ. ನಮಗಂತೂ ಅದರಲ್ಲಿ ತಪ್ಪು ಕಾಣಲಿಲ್ಲ. ಅವನಿಗೆ ಬೇಡವಾಗಿದ್ದು ಸಾಮಾನು. ಅಮ್ಮ, ಸ್ನೇಹಿತರು ಬೇಕೇ ಇದ್ದರು, ಇಲ್ಲದಿದ್ದರೆ ಮೂರು ಕುರ್ಚಿ ಯಾಕೆ?

1847ರ ಸೆಪ್ಟೆಂಬರಿನಲ್ಲಿ ಊರಿಗೆ ವಾಪಸ್ ಬಂದ. ಮುಂದೆ ರೈತರು ಆ ಮನೆಯನ್ನ ಸಾಗಿಸಿಕೊಂಡು ಹೋಗಿ ಕಾಳು ತುಂಬಿಡೋಕೆ ಬಳಸಿದರು.